ಗುಂಟೆ ಮತ್ತು ಪಿಕ್ಸೆಲ್: ಉಪಗ್ರಹ ಚಿತ್ರಗಳಲ್ಲಿ ಕರ್ನಾಟಕದ ಸಾಗುವಳಿ ಭೂಮಿ

ನೆಲದ ಮೇಲೆ ಏನಿದೆ ಎಂಬುದೂ ಆ ನೆಲವನ್ನು ಜನ ಯಾವುದಕ್ಕೆ ಬಳಸುತ್ತಿದ್ದಾರೆ ಎಂಬುದೂ ಮೇಲ್ನೋಟಕ್ಕೆ ಒಂದೇ ಪ್ರಶ್ನೆಯಂತೆ ತೋರಿದರೂ, ಭೂಮಿಯ ನಕ್ಷೆ ಮಾಡುವವರು ಇವೆರಡನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಬೇಕಾಗುತ್ತದೆ. ಹುಲ್ಲು, ಮರ, ನೀರು, ಬರಿ ಮಣ್ಣು, ಕಟ್ಟಡ ಹೀಗೆ ನೆಲವನ್ನು ಹೊದ್ದುಕೊಂಡಿರುವ ವಸ್ತುವಿನ ವಿವರ ಭೂಹೊದಿಕೆ. ಅದೇ ನೆಲ ಮೇವಿಗೋ, ಬೇಸಾಯಕ್ಕೋ, ಸೌದೆಗೋ, ನಿವೇಶನಕ್ಕೋ ಒದಗುತ್ತಿರುವ ಬಗೆಯ ವಿವರ ಭೂಬಳಕೆ. ಉಪಗ್ರಹದ ಕ್ಯಾಮೆರಾಕ್ಕೆ ನೇರವಾಗಿ ಕಾಣುವುದು ಮೊದಲನೆಯದು ಮಾತ್ರ, ಎರಡನೆಯದನ್ನು ಮನುಷ್ಯರು ಊಹಿಸಿ, ವಿಚಾರಿಸಿ, ತಾಳೆ ನೋಡಿ ಬರೆಯಬೇಕು. ಕೊಡಗಿನ ಕಾಫಿ ತೋಟ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಕಾಫಿ ಗಿಡ ಬೆಳೆಯುವುದು ನೆರಳುಮರಗಳ ಕೆಳಗೆ. ಮರದ ಕಾಂಡಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿರುತ್ತದೆ. ಮೇಲಿನಿಂದ ನೋಡುವ ಕಣ್ಣಿಗೆ ಮರದ ನೆತ್ತಿಗಳಲ್ಲದೆ ಬೇರೇನೂ ಕಾಣುವುದಿಲ್ಲ. 1987ರಿಂದ ದೇಶದ ಅರಣ್ಯ ಸ್ಥಿತಿಯ ವರದಿಗಳನ್ನು ಪ್ರಕಟಿಸುತ್ತ ಬಂದಿರುವ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು ಒಂದು ಹೆಕ್ಟೇರಿಗಿಂತ ಹೆಚ್ಚು ವಿಸ್ತೀರ್ಣದ, ಮರಗಳ ನೆತ್ತಿ ಶೇಕಡ 10ರಷ್ಟಾದರೂ ನೆಲವನ್ನು ಮುಚ್ಚಿರುವ ಜಾಗವನ್ನು, ಅದರ ಒಡೆತನ ಯಾರದೇ ಇರಲಿ ಬಳಕೆ ಯಾವುದೇ ಇರಲಿ, ಅರಣ್ಯ ಹೊದಿಕೆ ಎಂದೇ ಎಣಿಸುತ್ತದೆ. ಹೊದಿಕೆಯ ಲೆಕ್ಕವಾಗಿ ಇದರಲ್ಲಿ ತಪ್ಪೇನೂ ಇಲ್ಲ. ಅದನ್ನು ಬಳಕೆಯ ಲೆಕ್ಕವೆಂದು ಓದಿದವರು ಮಾತ್ರ ಕಾಫಿ ತೋಟವನ್ನು ಕಾಡೆಂದು ತಿಳಿದು ಮೋಸಹೋಗುತ್ತಾರೆ.

ಕನ್ನಡ ನಾಡಿನ ರೈತಾಪಿ ಭಾಷೆಯಲ್ಲಿ ಈ ಎರಡು ಅರ್ಥಗಳೂ ಒಂದೇ ಪದದೊಳಗೆ ಕೂಡಿಕೊಂಡಿವೆ ಎಂಬುದನ್ನು ಇಲ್ಲಿ ಗಮನಿಸಬೇಕು. ಹೊಲ ಎಂದರೆ ಮಳೆಯಾಶ್ರಿತ ಒಣಭೂಮಿ, ಗದ್ದೆ ಎಂದರೆ ನೀರು ನಿಲ್ಲಿಸುವ ಬದುಗಳುಳ್ಳ ಭೂಮಿ, ತೋಟ ಎಂದರೆ ವರ್ಷಗಟ್ಟಲೆ ನಿಲ್ಲುವ ಗಿಡಮರಗಳ ಭೂಮಿ. ಕರಾವಳಿಯವರು ಇದೇ ಭತ್ತದ ಗದ್ದೆಯನ್ನು ನೀರು ನಿಲ್ಲುವ ಎತ್ತರಕ್ಕೆ ತಕ್ಕಂತೆ ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸುತ್ತಾರೆ. ಉತ್ತರ ಕನ್ನಡದ ಸೊಪ್ಪಿನ ಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ, ಮಲೆನಾಡಿನ ಕಾನು, ಬಯಲುಸೀಮೆಯ ಗೋಮಾಳ ಮತ್ತು ಕಾವಲು, ಇವೆಲ್ಲ ನೆಲದ ಮೇಲಿರುವುದನ್ನೂ ಅದರ ಮೇಲೆ ಯಾರಿಗೆ ಯಾವ ಹಕ್ಕಿದೆ ಎಂಬುದನ್ನೂ ಒಟ್ಟಿಗೇ ಹೇಳುವ ಹೆಸರುಗಳು. ಕಂದಾಯ ದಾಖಲೆಗಳ ಖುಷ್ಕಿ, ತರಿ, ಬಾಗಾಯ್ತು ಎಂಬ ವಿಂಗಡಣೆಯೂ ಹೊಲ, ಗದ್ದೆ, ತೋಟಗಳ ಇನ್ನೊಂದು ರೂಪವೇ. ಆದರೆ ದಾಖಲೆಯ ಪದ ಒಮ್ಮೆ ಬರೆದರೆ ದಶಕಗಟ್ಟಲೆ ಉಳಿದುಬಿಡುತ್ತದೆ, ನೆಲ ಹಾಗೆ ಕಾಯುತ್ತ ಕೂರುವುದಿಲ್ಲ. ಪಹಣಿಯಲ್ಲಿ ಖುಷ್ಕಿ ಎಂದಿರುವ ಜಮೀನು ಕೊಳವೆಬಾವಿ ಬಂದ ಮೇಲೆ ಅಡಿಕೆ ತೋಟವಾಗಿರುತ್ತದೆ, ತರಿ ಎಂದಿರುವ ಕೆರೆಯ ಅಚ್ಚುಕಟ್ಟು ಕೆರೆ ಬತ್ತಿದ ಮೇಲೆ ಹುರುಳಿ ಹೊಲವಾಗಿರುತ್ತದೆ.

ನೆಲದ ಬಳಕೆಯನ್ನು ಬರೆದಿಡುವ ಕೆಲಸ ಉಪಗ್ರಹಗಳಿಂದ ಶುರುವಾದದ್ದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಕೈಗೊಂಡ; 1800–01ರಲ್ಲಿ ಫ್ರಾನ್ಸಿಸ್ ಬುಕಾನನ್ ಊರಿಂದೂರಿಗೆ ನಡೆದು, ಯಾವ ಮಣ್ಣಿಗೆ ಯಾವ ಬೀಜ, ಯಾವ ತಿಂಗಳಲ್ಲಿ ಬಿತ್ತನೆ, ರಾಗಿಯ ನಡುವಿನ ಸಾಲಿನಲ್ಲಿ ಯಾವ ಕಾಳು ಎಂಬುದನ್ನೆಲ್ಲ ಬರೆದುಕೊಂಡ; ಅವನ ಗ್ರಂಥ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಸ್ವಾತಂತ್ರ್ಯಾನಂತರ ರೂಢಿಗೆ ಬಂದ ಅಂಕಿಅಂಶ ಪದ್ಧತಿಯು ಇಡೀ ದೇಶದ ಭೂಮಿಯನ್ನು ಒಂಬತ್ತು ಬಗೆಯಾಗಿ ಭಾಗಿಸಿತು: ಅರಣ್ಯ, ಬೇಸಾಯೇತರ ಬಳಕೆ, ಸಾಗುವಳಿಗೆ ಬಾರದ ಬಂಜರು, ಖಾಯಂ ಗೋಮಾಳ, ಬಿಡಿ ಮರಬೆಳೆ, ಸಾಗುವಳಿಗೆ ತರಬಹುದಾದ ಬೀಳು, ಈ ಸಾಲಿನ ಬೀಳು, ಹಳೆಯ ಬೀಳು, ನಿವ್ವಳ ಬಿತ್ತನೆ ಪ್ರದೇಶ. ಕರ್ನಾಟಕದ ಸುಮಾರು 190.5 ಲಕ್ಷ ಹೆಕ್ಟೇರ್ ಭೂಮಿ ಇಂದಿಗೂ ಅಧಿಕೃತ ಪುಸ್ತಕಗಳಲ್ಲಿ ಈ ಒಂಬತ್ತು ಮನೆಗಳಲ್ಲೇ ಹಂಚಿಹೋಗಿರುತ್ತದೆ. ಗಮನಿಸಬೇಕಾದ್ದು, ಈ ಒಂಬತ್ತೂ ಬಹುಮಟ್ಟಿಗೆ ಬಳಕೆಯ ಹೆಸರುಗಳು, ಗ್ರಾಮ ಲೆಕ್ಕಿಗರು ಜಮೀನಿನ ಬದುವಿನ ಮೇಲೆ ನಿಂತು ಬರೆಯಲೆಂದು ರೂಪಿಸಿದವು. ಎಂಟುನೂರು ಕಿಲೋಮೀಟರ್ ಎತ್ತರದಿಂದ ನೋಡುವ ಯಂತ್ರಕ್ಕೆಂದು ಮಾಡಿದವಲ್ಲ.

ಆ ಯಂತ್ರ ನೋಡುವ ಬಗೆಯನ್ನು ಈಗ ಪರಿಶೀಲಿಸಬಹುದು. ಸೂರ್ಯನ ಬೆಳಕು ಎಲೆಯ ಮೇಲೆ ಬಿದ್ದಾಗ ಎಲೆಯೊಳಗಿನ ಪತ್ರಹರಿತ್ತು ಕೆಂಪು ಬೆಳಕಿನ ಬಹುಭಾಗವನ್ನು ಆಹಾರ ತಯಾರಿಕೆಗೆ ಹೀರಿಕೊಳ್ಳುತ್ತದೆ. ಕೆಂಪಿನಾಚೆಗಿರುವ, ಮನುಷ್ಯರ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಮಾತ್ರ ಎಲೆಯ ಒಳರಚನೆ ಚದುರಿಸಿ ಹಿಂದಕ್ಕೆ ಕಳಿಸಿಬಿಡುತ್ತದೆ. ಹೀಗಾಗಿ ಆರೋಗ್ಯವಂತ ಹಸಿರು ಬೆಳೆ ಕೆಂಪಿನಲ್ಲಿ ಕಪ್ಪಾಗಿಯೂ ಅವಕೆಂಪಿನಲ್ಲಿ ಬೆಳ್ಳಗೂ ಕಾಣುತ್ತದೆ. ಒಣಮಣ್ಣು ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ಸಮನಾಗಿ ಕಾಣುತ್ತದೆ, ನೀರು ಅವಕೆಂಪನ್ನು ನುಂಗಿಬಿಡುತ್ತದೆ. ಉಪಗ್ರಹ ಚಿತ್ರವನ್ನು ಪರದೆಯ ಮೇಲೆ ತೋರಿಸುವಾಗ ಅವಕೆಂಪಿಗೆ ಕೆಂಪು ಬಣ್ಣವನ್ನೂ, ಕೆಂಪಿಗೆ ಹಸಿರನ್ನೂ, ಹಸಿರಿಗೆ ನೀಲಿಯನ್ನೂ ಕೊಡುವ ವಾಡಿಕೆ ಇರುವುದರಿಂದ, ಮಂಡ್ಯದ ಕಬ್ಬಿನ ಗದ್ದೆಗಳು ಅಂಥ ಚಿತ್ರದಲ್ಲಿ ಕುಂಕುಮ ಚೆಲ್ಲಿದಂತೆ ಕಾಣುತ್ತವೆ. ಇದಕ್ಕೆ ಹುಸಿಬಣ್ಣದ ಚಿತ್ರ ಎಂದು ಹೆಸರು. ಭಾರತದಲ್ಲಿ ಈ ತತ್ವವನ್ನು ಬೆಳೆಗೆ ಅನ್ವಯಿಸಿ ನೋಡಿದ ಮೊದಲ ಪ್ರಯೋಗ 1970ರ ಸುಮಾರಿಗೆ ಕೇರಳದ ತೆಂಗಿನ ತೋಟಗಳ ಮೇಲೆ ನಡೆಯಿತು: ಪಿ. ಆರ್. ಪಿಶಾರೋಟಿ ಮತ್ತು ಸಂಗಡಿಗರು ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರ ತೆಗೆದು, ಬೇರುಸೊರಗು ರೋಗ ತಗುಲಿದ ಮರಗಳನ್ನು ಮೇಲಿನಿಂದಲೇ ಗುರುತಿಸಬಹುದೇ ಎಂದು ಪರೀಕ್ಷಿಸಿದರು.

ಕೆಂಪು ಮತ್ತು ಅವಕೆಂಪುಗಳ ಈ ಅಂತರವನ್ನು ಒಂದೇ ಸಂಖ್ಯೆಗೆ ಇಳಿಸುವ ಸೂತ್ರವೇ ಸಸ್ಯ ಸೂಚ್ಯಂಕ. ಅವಕೆಂಪಿನಿಂದ ಕೆಂಪನ್ನು ಕಳೆದು, ಬಂದುದನ್ನು ಅವೆರಡರ ಮೊತ್ತದಿಂದ ಭಾಗಿಸಿದರೆ ಸೂಚ್ಯಂಕ ಸಿಗುತ್ತದೆ. ತುಂಬಿ ನಿಂತ ಬೆಳೆಯೊಂದು ಅವಕೆಂಪಿನ ಶೇಕಡ 45ನ್ನೂ ಕೆಂಪಿನ ಶೇಕಡ 5ನ್ನೂ ಹಿಂದೆ ಕಳಿಸಿದರೆ ಸೂಚ್ಯಂಕ 0.8, ಉತ್ತ ಹೊಲ ಶೇಕಡ 25 ಮತ್ತು 20ನ್ನು ಕಳಿಸಿದರೆ 0.11. ಇಷ್ಟು ಸರಳವಾದ ಲೆಕ್ಕ ಐವತ್ತು ವರ್ಷಗಳಿಂದ ಬಾಳಿಬಂದಿರುವುದಕ್ಕೆ ಕಾರಣ, ಭಾಗಾಕಾರವು ಬಿಸಿಲಿನ ಏರಿಳಿತ, ಗುಡ್ಡದ ನೆರಳು ಮುಂತಾದ ತೊಡಕುಗಳನ್ನು ಅರ್ಧಕ್ಕರ್ಧ ನಿವಾರಿಸಿಬಿಡುತ್ತದೆ ಎಂಬುದೇ.

ಚಿತ್ರದ ಅತಿ ಚಿಕ್ಕ ಘಟಕ ಪಿಕ್ಸೆಲ್. ಅದರೊಳಗೆ ಏನೆಲ್ಲ ಇದ್ದರೂ ಯಂತ್ರಕ್ಕೆ ಸಿಗುವುದು ಒಂದೇ ಸರಾಸರಿ ಮೌಲ್ಯ. ಈ ಪಿಕ್ಸೆಲ್ಲಿನ ಅಳತೆಯನ್ನು ಮೀಟರುಗಳಲ್ಲಿ ಹೇಳುವುದಕ್ಕಿಂತ ಗುಂಟೆಗಳಲ್ಲಿ ಹೇಳಿದರೆ ಕರ್ನಾಟಕದ ಓದುಗರಿಗೆ ಅದರ ಅರ್ಥ ಹೊಳೆಯುತ್ತದೆ. 33 ಅಡಿ ಉದ್ದದ ಸರಪಳಿಯೊಂದರ ಚೌಕವೇ ಒಂದು ಗುಂಟೆ, ಅಂಥ 40 ಗುಂಟೆ ಸೇರಿ ಒಂದು ಎಕರೆ, ಗುಂಟೆಯ ಹದಿನಾರನೆಯ ಒಂದು ಪಾಲು ಒಂದು ಆಣೆ. 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿದ ಪ್ರಾಯೋಗಿಕ ಹಂತ ದಾಟಿ ನಿತ್ಯಬಳಕೆಗೆ ಬಂದ ಭಾರತದ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎಯ ಮೊದಲ ಕ್ಯಾಮೆರಾದ ಪಿಕ್ಸೆಲ್ 72.5 ಮೀಟರ್ ಚೌಕ, ಅಂದರೆ ಒಂದು ಎಕರೆ 12 ಗುಂಟೆ. 1995ರ ಕೊನೆಗೆ ಹಾರಿದ ಐಆರ್‌ಎಸ್-1ಸಿಯ ಲಿಸ್-3 ಕ್ಯಾಮೆರಾದ್ದು 23.5 ಮೀಟರ್, ಅಂದರೆ ಐದೂವರೆ ಗುಂಟೆ. 2003ರ ರಿಸೋರ್ಸ್‌ಸ್ಯಾಟ್-1ರಲ್ಲಿದ್ದ ಅವಿಫ್ಸ್ ಕ್ಯಾಮೆರಾದ್ದು 56 ಮೀಟರ್, ಅಂದರೆ 31 ಗುಂಟೆ. ಅದು 740 ಕಿಲೋಮೀಟರ್ ಅಗಲದ ಪಟ್ಟಿಯನ್ನು ಒಂದೇ ಸಲಕ್ಕೆ ನೋಡಿ ಐದು ದಿನಕ್ಕೊಮ್ಮೆ ಮರಳಿ ಬರುತ್ತಿತ್ತಾದ್ದರಿಂದ ಅಷ್ಟು ದಪ್ಪ ಪಿಕ್ಸೆಲ್ಲನ್ನು ಒಪ್ಪಿಕೊಳ್ಳಬೇಕಾಯಿತು. ಅದೇ ಉಪಗ್ರಹದ ಲಿಸ್-4 ಕ್ಯಾಮೆರಾದ 5.8 ಮೀಟರಿನ ಪಿಕ್ಸೆಲ್ ಸುಮಾರು ಐದು ಆಣೆ. ಯುರೋಪಿನವರು 2015ರಲ್ಲಿ ಹಾರಿಸಿದ ಸೆಂಟಿನೆಲ್-2ರ ಪಿಕ್ಸೆಲ್ 10 ಮೀಟರ್. ಗುಂಟೆಯ ಬದಿಯ 33 ಅಡಿ ಎಂದರೆ 10.06 ಮೀಟರ್. ಬ್ರಿಟಿಷ್ ಸರ್ವೆಯ ಸರಪಳಿಗೂ ಯುರೋಪಿನ ಕ್ಯಾಮೆರಾಕ್ಕೂ ಪರಸ್ಪರ ಯಾವ ಸಂಬಂಧವೂ ಇಲ್ಲದಿದ್ದರೂ ಪಹಣಿಯ ಗುಂಟೆಯೂ ಉಪಗ್ರಹದ ಪಿಕ್ಸೆಲ್ಲೂ ಒಂದೇ ಅಳತೆಗೆ ಬಂದು ನಿಂತಿವೆ.

ಈ ಕಾಕತಾಳೀಯದಿಂದ ಹಿಗ್ಗುವ ಮೊದಲು ಅಂಚಿನ ಲೆಕ್ಕವನ್ನು ನೋಡಬೇಕು. 2015–16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರು ಎಕರೆ 14 ಗುಂಟೆ; ಅದೂ ಎರಡು ಮೂರು ಕಡೆ ತುಂಡಾಗಿರುವುದೇ ಹೆಚ್ಚು. ಒಂದು ಎಕರೆಯ ಚೌಕದ ಬದಿ ಸುಮಾರು 63.6 ಮೀಟರ್. ಲಿಸ್-3ರ ಲೆಕ್ಕದಲ್ಲಿ ಆ ಎಕರೆಗೆ ಏಳು ಪಿಕ್ಸೆಲ್ಲುಗಳಷ್ಟು ಜಾಗವಿದ್ದರೂ, ಪಿಕ್ಸೆಲ್ಲುಗಳು ಬದುವನ್ನು ನೋಡಿಕೊಂಡು ಕೂರುವುದಿಲ್ಲವಾದ್ದರಿಂದ, ಪೂರ್ತಿಯಾಗಿ ಹೊಲದೊಳಗೇ ಬೀಳುವವು ಒಂದರಿಂದ ನಾಲ್ಕು ಮಾತ್ರ. ಉಳಿದವು ಪಕ್ಕದ ಹೊಲವನ್ನೋ ಬದುವಿನ ಮರವನ್ನೋ ಬಂಡಿದಾರಿಯನ್ನೋ ಸೇರಿಸಿಕೊಂಡ ಬೆರಕೆ ಪಿಕ್ಸೆಲ್ಲುಗಳು. 10 ಮೀಟರಿನ ಪಿಕ್ಸೆಲ್ಲಾದರೆ ಅದೇ ಎಕರೆಯಲ್ಲಿ ಕಡಿಮೆಯೆಂದರೂ 25 ಶುದ್ಧ ಪಿಕ್ಸೆಲ್ಲುಗಳು ಸಿಗುತ್ತವೆ. ಕಳೆದ ಮೂವತ್ತು ವರ್ಷಗಳ ತಾಂತ್ರಿಕ ಪ್ರಗತಿಯನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ತಾಲ್ಲೂಕಿನ ಬೆಳೆಯನ್ನು ನೋಡುತ್ತಿದ್ದ ಯಂತ್ರ ಈಗ ಸರ್ವೆ ನಂಬರಿನ ಬೆಳೆಯನ್ನು ನೋಡಬಲ್ಲದಾಗಿದೆ. ಆದರೆ ಸರ್ವೆ ನಂಬರಿನ ಗೆರೆ ಇರುವ ಹಳ್ಳಿನಕ್ಷೆಗಳು 1:7,920ರ ಪ್ರಮಾಣದಲ್ಲಿ, ಅಂದರೆ ಒಂದು ಅಂಗುಲಕ್ಕೆ 660 ಅಡಿಯಂತೆ, ಸರಪಳಿ ಹಿಡಿದು ಕೈಯಲ್ಲಿ ಬರೆದವು. ಅವುಗಳನ್ನು ಉಪಗ್ರಹ ಚಿತ್ರದ ಮೇಲೆ ಹಾಸಿದಾಗ ಗೆರೆ ಒಂದು ಗುಂಟೆಯ ಅಗಲದಷ್ಟು ಆಚೀಚೆ ಸರಿದರೂ ಸಾಕು, ಪಕ್ಕದವರ ಜೋಳ ಇವರ ಪಹಣಿಗೆ ಬಂದು ಕೂರುತ್ತದೆ.

ಆದರೆ ಸಾಗುವಳಿಯ ನಕ್ಷೆಗೆ ಪಿಕ್ಸೆಲ್ಲಿನ ಸಣ್ಣತನಕ್ಕಿಂತ ಹೆಚ್ಚಿನದು ಕಾಲದ ಅರಿವು. ಒಂದು ದಿನದ ಚಿತ್ರ ಹಸಿರನ್ನು ತೋರಿಸಬಲ್ಲದು, ಬೆಳೆಯ ಹೆಸರನ್ನು ಹೇಳಲಾರದು. ಬೆಳೆಯ ಗುರುತು ಇರುವುದು ಹಸಿರು ಯಾವಾಗ ಹುಟ್ಟಿತು, ಎಷ್ಟು ಬೇಗ ಏರಿತು, ಎಷ್ಟು ದಿನ ನಿಂತಿತು, ಯಾವಾಗ ಇಳಿಯಿತು ಎಂಬ ಏರಿಳಿತದಲ್ಲಿ. ಕಲಬುರಗಿಯ ತೊಗರಿ ಜೂನ್–ಜುಲೈಯಲ್ಲಿ ಬಿತ್ತನೆಯಾಗಿ, ಮೊದಲೆರಡು ತಿಂಗಳು ಆಮೆಯಂತೆ ಬೆಳೆದು, ಅಕ್ಟೋಬರ್–ನವೆಂಬರಿನಲ್ಲಿ ತುಂಬಿ, ಡಿಸೆಂಬರ್–ಜನವರಿಯಲ್ಲಿ ಕಟಾವಿಗೆ ಬರುತ್ತದೆ. ಅದರ ಸಾಲುಗಳ ನಡುವೆ ಹೆಸರು ಹಾಕಿದ್ದರೆ ಆಗಸ್ಟ್ ಕೊನೆಯ ಹೊತ್ತಿಗೆ ಸೂಚ್ಯಂಕದಲ್ಲಿ ಒಂದು ಸಣ್ಣ ಗುಡ್ಡ ಎದ್ದು ಬಿದ್ದು, ಆಮೇಲೆ ತೊಗರಿಯ ದೊಡ್ಡ ಗುಡ್ಡ ಏಳುತ್ತದೆ. ಕಬ್ಬು ಹತ್ತು ಹನ್ನೆರಡು ತಿಂಗಳು ಇಳಿಯದೆ ನಿಲ್ಲುತ್ತದೆ. ಕೂಳೆ ಕಬ್ಬು ಕಟಾವಾದ ಕೆಲವೇ ವಾರಗಳಲ್ಲಿ ಮತ್ತೆ ಚಿಗುರಿ ಹಸಿರಾಗುತ್ತದೆ. ತುಮಕೂರು, ಕೋಲಾರಗಳ ರಾಗಿ ಜುಲೈ–ಆಗಸ್ಟಿನಲ್ಲಿ ಬಿದ್ದು ನವೆಂಬರ್–ಡಿಸೆಂಬರಿನಲ್ಲಿ ತೆನೆ ಬಾಗಿಸುತ್ತದೆ. ಅದೇ ಸೀಮೆಯ ನೀಲಗಿರಿ ತೋಪು ವರ್ಷವಿಡೀ ಒಂದೇ ಮಟ್ಟದಲ್ಲಿ ನಿಂತಿರುವುದರಿಂದ ಹೊಲವೊಂದು ತೋಪಾದ ವರ್ಷವನ್ನು ಹಳೆಯ ಚಿತ್ರಗಳ ಸಾಲಿನಿಂದಲೇ ಹುಡುಕಿ ತೆಗೆಯಬಹುದು.

ವಿಜಯಪುರದ ಎರೆಹೊಲವೊಂದನ್ನು ಹತ್ತಿರದಿಂದ ನೋಡಿದರೆ ಕಾಲದ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಹಿಂಗಾರಿ ಜೋಳಕ್ಕೆ ಮೀಸಲಾದ ಹೊಲದಲ್ಲಿ ಮುಂಗಾರಿಗೆ ಏನನ್ನೂ ಬಿತ್ತುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ರೈತರು ಮಳೆ ಬಿದ್ದಾಗಲೊಮ್ಮೆ ಕುಂಟೆ ಹೊಡೆದು ಹರಗುತ್ತಾರೆ. ಹರಗಿದಾಗ ಕಳೆ ಸಾಯುತ್ತದೆ, ಮೇಲ್ಮಣ್ಣು ಪುಡಿಯಾಗಿ ಬಿರುಕು ಮುಚ್ಚುತ್ತದೆ, ಬಿದ್ದ ನೀರು ಎರೆಯ ಆಳದಲ್ಲಿ ಸೇರಿ ಉಳಿಯುತ್ತದೆ. ಆ ತೇವವನ್ನೇ ಬಂಡವಾಳವಾಗಿಟ್ಟುಕೊಂಡು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಜೋಳ ಬಹುಪಾಲು ಮಳೆಯಿಲ್ಲದೆಯೇ ಬೆಳೆಯುತ್ತದೆ. ಆಗಸ್ಟಿನ ಉಪಗ್ರಹ ಚಿತ್ರಕ್ಕೆ ಈ ಹೊಲ ಬರಿ ಕಪ್ಪು ಮಣ್ಣು. ಹೊದಿಕೆಯ ಹೆಸರಿಡುವುದಾದರೆ ‘ಬೀಳು’ ಎನ್ನಬೇಕು, ಆದರೆ ಆ ಜಿಲ್ಲೆಯಲ್ಲಿ ಆ ತಿಂಗಳು ಅತಿ ಹೆಚ್ಚು ಕೆಲಸ ನಡೆಯುವ ಭೂಮಿಗಳಲ್ಲಿ ಅದೂ ಒಂದು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು 2004–05ರಿಂದ ಅವಿಫ್ಸ್ ಚಿತ್ರಗಳನ್ನು ಬಳಸಿ ವರ್ಷವರ್ಷವೂ 1:2,50,000ರ ಪ್ರಮಾಣದಲ್ಲಿ ಸಿದ್ಧಪಡಿಸುತ್ತ ಬಂದ ದೇಶದ ಭೂಬಳಕೆ ನಕ್ಷೆಗಳಲ್ಲಿ ಮುಂಗಾರು ಮಾತ್ರ, ಹಿಂಗಾರು ಮಾತ್ರ, ಎರಡು ಅಥವಾ ಹೆಚ್ಚು ಬೆಳೆ, ಈ ಸಾಲಿನ ಬೀಳು ಎಂಬ ವಿಂಗಡಣೆ ಮಾಡಿಕೊಂಡಿರುವುದು ಈ ಕಾರಣಕ್ಕೇ. ಇಡೀ ಕೃಷಿವರ್ಷದ ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿದ ಮೇಲಷ್ಟೇ ಒಂದು ಹೊಲವನ್ನು ಬೀಳು ಎನ್ನುವ ಅಧಿಕಾರ ನಕ್ಷೆಗಾರರಿಗೆ ಬರುತ್ತದೆ.

ಮುಂಗಾರಿನಲ್ಲಿ ಇನ್ನೊಂದು ತಾಪತ್ರಯವಿದೆ. ರಾಜ್ಯದ ಬಿತ್ತನೆಯ ಬಹುಪಾಲು ನಡೆಯುವ ತಿಂಗಳುಗಳಲ್ಲೇ ಆಕಾಶದ ತುಂಬ ಮೋಡ, ಬೆಳಕನ್ನು ನೆಚ್ಚಿದ ಕ್ಯಾಮೆರಾಕ್ಕೆ ಮೋಡದ ಮಹಡಿಯಷ್ಟೇ ದರ್ಶನ. ಇದಕ್ಕೆ ಉತ್ತರ ರೇಡಾರ್ ಉಪಗ್ರಹ: ಅದು ತಾನೇ ಸೂಕ್ಷ್ಮತರಂಗಗಳನ್ನು ಕೆಳಗೆ ಬಿಟ್ಟು ಅವುಗಳ ಮಾರ್ದನಿಯನ್ನು ಅಳೆಯುವುದರಿಂದ ಹಗಲು ರಾತ್ರಿ, ಮೋಡ ಬಿಸಿಲು ಎಂಬ ಭೇದವಿಲ್ಲದೆ ನೋಡುತ್ತದೆ. ಭಾರತದ ರಿಸ್ಯಾಟ್-1 2012ರಲ್ಲಿ, ಯುರೋಪಿನ ಸೆಂಟಿನೆಲ್-1 2014ರಲ್ಲಿ, ಭಾರತದ ಇಒಎಸ್-04 2022ರಲ್ಲಿ ಹಾರಿದವು. ಭತ್ತಕ್ಕೂ ರೇಡಾರಿಗೂ ವಿಶೇಷ ನಂಟು. ಕೆಸರುಗದ್ದೆ ಮಾಡಿ ನೀರು ನಿಲ್ಲಿಸಿದಾಗ ಆ ನಯವಾದ ನೀರಿನ ಮೇಲ್ಮೈ ಕನ್ನಡಿಯಂತೆ ತರಂಗಗಳನ್ನು ಆಚೆಗೆ ಜಾರಿಸಿಬಿಡುವುದರಿಂದ ಗದ್ದೆ ಕಡುಕಪ್ಪಾಗಿ ಕಾಣುತ್ತದೆ. ನಾಟಿಯಾಗಿ ಪೈರು ತೆಂಡೆಯೊಡೆದಂತೆ ತರಂಗಗಳು ನೀರಿಗೂ ಕಾಂಡಕ್ಕೂ ತಗುಲಿ ಮರಳತೊಡಗಿ ಗದ್ದೆ ದಿನದಿನಕ್ಕೆ ಬೆಳ್ಳಗಾಗುತ್ತದೆ. ಮೊದಲು ಕಪ್ಪು, ಆಮೇಲೆ ಏರುವ ಬಿಳುಪು ಎಂಬ ಈ ಕ್ರಮ ಬೇರೆ ಯಾವ ಮುಂಗಾರು ಬೆಳೆಗೂ ಇಷ್ಟು ಖಚಿತವಾಗಿ ಇರುವುದಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಈ ಕಪ್ಪು–ಬಿಳುಪಿನ ಓದು ಬರಿ ತಾಂತ್ರಿಕ ಕುತೂಹಲವಾಗಿ ಉಳಿಯುವುದಿಲ್ಲ. 1953ರಲ್ಲಿ ನೀರು ಹರಿಸಲಾರಂಭಿಸಿದ ಆ ಯೋಜನೆಯನ್ನು ರೂಪಿಸಿದ್ದು ಬರಪೀಡಿತ ಸೀಮೆಯ ಆದಷ್ಟು ಹೆಚ್ಚು ಹೊಲಗಳಿಗೆ ತೆಳುವಾಗಿ ನೀರು ಹಂಚುವ ಉದ್ದೇಶದಿಂದ. ಯಾವ ಸರ್ವೆ ನಂಬರಿಗೆ ಯಾವ ಬೆಳೆಗೆ ತಕ್ಕ ನೀರು ಎಂದು ಮೊದಲೇ ಗೊತ್ತುಪಡಿಸಿ, ಬಹುಪಾಲನ್ನು ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆಗಳಿಗೆ ಮೀಸಲಿಟ್ಟು, ಭತ್ತಕ್ಕೆ ಸಣ್ಣ ಪಾಲನ್ನಷ್ಟೇ ಬಿಟ್ಟಿದ್ದರು. ಕಾಲುವೆಯ ಮೇಲ್ಭಾಗದ ಗಂಗಾವತಿ, ಸಿಂಧನೂರು ಕಡೆಗಳಲ್ಲಿ ಭತ್ತ ಈ ಮೀಸಲಾತಿಯನ್ನು ದಾಟಿ ಹಬ್ಬಿತು. ನೀರು ಸಿಕ್ಕ ವರ್ಷ ಎರಡನೆಯ ಬೆಳೆಯೂ ಭತ್ತವೇ ಆಯಿತು. ಕೊನೆಭಾಗದ ಮಾನ್ವಿ, ರಾಯಚೂರು ಕಡೆಯ ರೈತರು ನೀರಿಗಾಗಿ ರಸ್ತೆ ತಡೆ ನಡೆಸುವುದು ವರ್ಷಾವರ್ಷದ ಸುದ್ದಿಯಾಯಿತು. ಕಾಗದದ ಮೇಲಿನ ಬೆಳೆಯೂ ಕಾಲುವೆಯ ಕೆಳಗಿನ ಬೆಳೆಯೂ ಬೇರೆಬೇರೆ ಎಂಬುದು ಅಲ್ಲಿ ಎಲ್ಲರಿಗೂ ತಿಳಿದ ವಿಷಯವೇ. ಉಪಗ್ರಹ ಇದಕ್ಕೆ ಸೇರಿಸುವುದು ವಿತರಣಾ ಕಾಲುವೆವಾರು, ವಾರವಾರದ ಸಾಕ್ಷ್ಯವನ್ನು: ಯಾವ ತೂಬಿನ ಕೆಳಗೆ ಯಾವ ವಾರ ಎಷ್ಟು ಗದ್ದೆ ಕಪ್ಪಾಯಿತು, ಆ ಕಪ್ಪು ಎಲ್ಲಿಗೆ ಬಂದು ನಿಂತಿತು. ಆ ನಕ್ಷೆ ತಪ್ಪು ಯಾರದು ಎಂದು ಹೇಳುವುದಿಲ್ಲ. ಮೇಲ್ಭಾಗದವರು ಭತ್ತ ಹಾಕಿದ್ದರಿಂದ ಕೆಳಗೆ ನೀರು ತಲುಪಲಿಲ್ಲವೋ, ಪಕ್ಕದ ಹೊಲದ ಭತ್ತದ ನೀರು ಬಸಿದು ತಮ್ಮ ಹೊಲ ಜೌಗಾದ್ದರಿಂದ ಜೋಳದವರೂ ಭತ್ತಕ್ಕೆ ಇಳಿದರೋ ಎಂಬುದನ್ನು ತೂಬಿನ ಬಳಿಯೇ ಕೇಳಿ ತಿಳಿಯಬೇಕು.

ಚಿತ್ರಗಳಿಂದ ನಕ್ಷೆ ಹುಟ್ಟುವ ಹಂತಕ್ಕೆ ವರ್ಗೀಕರಣ ಎನ್ನುತ್ತಾರೆ. ಬೆಳೆ ಯಾವುದೆಂದು ನಿಶ್ಚಯವಾಗಿ ಗೊತ್ತಿರುವ ಕೆಲವು ಹೊಲಗಳ ಪಿಕ್ಸೆಲ್ಲುಗಳನ್ನು ಮಾದರಿಯಾಗಿ ಗಣಕಕ್ಕೆ ಒಪ್ಪಿಸಿ, ಉಳಿದ ಪಿಕ್ಸೆಲ್ಲುಗಳು ಯಾವ ಮಾದರಿಗೆ ಹೆಚ್ಚು ಹೋಲುತ್ತವೆ ಎಂದು ತೀರ್ಮಾನಿಸಲು ಬಿಡುವುದೇ ಇದರ ತಿರುಳು. 2001ರಲ್ಲಿ ಲಿಯೊ ಬ್ರೈಮನ್ ವಿವರಿಸಿದ ‘ರ್‍ಯಾಂಡಮ್ ಫಾರೆಸ್ಟ್’ ಎಂಬ ವಿಧಾನ, ನೂರಾರು ಸಣ್ಣ ತೀರ್ಮಾನಗಾರರನ್ನು ಹುಟ್ಟಿಸಿ ಅವರ ಬಹುಮತವನ್ನು ಉತ್ತರವಾಗಿ ತೆಗೆದುಕೊಳ್ಳುತ್ತದೆ, ಒಂದು ಬಗೆಯ ಪಂಚಾಯಿತಿಯಂತೆ. ಅದಕ್ಕಿಂತ ಹೊಸ ವಿಧಾನಗಳೂ ಬಂದಿವೆ. ಆದರೆ ವಿಧಾನ ಯಾವುದೇ ಇರಲಿ, ಮಾದರಿಯ ಹೊಲಗಳಿಗೆ ಕೊಟ್ಟ ಹೆಸರಿನ ಆಚೆಗೆ ಗಣಕಕ್ಕೆ ಏನೂ ಗೊತ್ತಿರುವುದಿಲ್ಲ. ಅಕ್ಕಡಿ ಸಾಲಿನ ಪಾಡು ಇದಕ್ಕೆ ಸಾಕ್ಷಿ. ಹಳೆ ಮೈಸೂರಿನ ರಾಗಿ ಹೊಲದಲ್ಲಿ ಕೆಲವು ಸಾಲು ರಾಗಿಗೊಂದರಂತೆ ಅವರೆ, ತೊಗರಿ, ಹುಚ್ಚೆಳ್ಳು, ಹರಳು, ಜೋಳಗಳ ಅಕ್ಕಡಿ ಸಾಲು ಬರುತ್ತದೆ. ಬುಕಾನನ್ ಕಂಡು ಬರೆದದ್ದೂ ಇದನ್ನೇ. ಒಂದು ಗುಂಟೆಯ ಪಿಕ್ಸೆಲ್ಲಿನೊಳಗೆ ಇವೆಲ್ಲವೂ ಕೂಡಿ ಒಂದೇ ಸಂಖ್ಯೆಯಾಗುತ್ತವೆ. ನವೆಂಬರ್ ಕೊನೆಯಲ್ಲಿ ರಾಗಿ ಹಣ್ಣಾಗಿ ಸೂಚ್ಯಂಕ ಇಳಿಯಬೇಕಾದ ಹೊತ್ತಿಗೆ ಅವರೆ ಇನ್ನೂ ಹೂ, ಕಾಯಿಯಲ್ಲಿರುವುದರಿಂದ ಅದು ಅರ್ಧಕ್ಕೇ ನಿಲ್ಲುತ್ತದೆ. ಮಾದರಿಗಳ ಪಟ್ಟಿಯಲ್ಲಿ ‘ರಾಗಿ’ ಮತ್ತು ‘ಅವರೆ’ ಎಂಬ ಎರಡೇ ಹೆಸರುಗಳಿದ್ದರೆ ಈ ಹೊಲ ಒಂದರಲ್ಲೂ ಸಲ್ಲದೆ ಗಣಕದ ಮರ್ಜಿಗೆ ಬೀಳುತ್ತದೆ. ‘ಅಕ್ಕಡಿ ರಾಗಿ’ ಎಂಬ ಮೂರನೆಯ ಹೆಸರನ್ನು ಮಾದರಿಗಳಲ್ಲಿ ಸೇರಿಸಿದ್ದರೆ ಅರ್ಧಕ್ಕೆ ನಿಲ್ಲುವ ಅದೇ ಇಳಿತ ಅದರ ಗುರುತಾಗುತ್ತದೆ. ಮೂರು ನಾಲ್ಕು ವರ್ಷದ ಎಳೆಯ ಅಡಿಕೆ ತೋಟದ ಕತೆಯೂ ಇಂಥದೇ: ನಡುವೆ ಹಾಕಿದ ಬಾಳೆಯೇ ಮೇಲಿನಿಂದ ಕಾಣುವುದರಿಂದ ಚನ್ನಗಿರಿಯ ಹೊಸ ಅಡಿಕೆ ಹಲವು ವರ್ಷ ನಕ್ಷೆಯಲ್ಲಿ ಬಾಳೆಯಾಗಿಯೇ ಇರಬಲ್ಲದು.

ನಕ್ಷೆ ಎಷ್ಟು ಸರಿ ಎಂದು ತಿಳಿಯಲು, ಮಾದರಿಗೆ ಬಳಸದ ಬೇರೆ ಜಾಗಗಳನ್ನು ಚೀಟಿ ಎತ್ತಿದಂತೆ ಆರಿಸಿ, ಹೋಗಿ ನೋಡಿ, ನಕ್ಷೆಯ ಹೆಸರಿಗೂ ನೆಲದ ಹೆಸರಿಗೂ ತಾಳೆ ಹಾಕುತ್ತಾರೆ. 1976ರಲ್ಲಿ ಜೇಮ್ಸ್ ಆಂಡರ್ಸನ್ ಮತ್ತು ಸಂಗಡಿಗರು ಅಮೆರಿಕದ ಭೂವೈಜ್ಞಾನಿಕ ಸರ್ವೆಗಾಗಿ ರೂಪಿಸಿದ ವಿಂಗಡಣೆಯಲ್ಲಿ ಶೇಕಡ 85 ನಿಖರತೆ ಕನಿಷ್ಠವೆಂದು ನಿಗದಿಯಾಗಿತ್ತು. ಅಂದಿನಿಂದ ನಕ್ಷೆಯ ಯೋಗ್ಯತೆಯನ್ನು ಇಂಥದೊಂದು ಅಂಕಿಯಿಂದ ಅಳೆಯುವ ಅಭ್ಯಾಸ ಬೇರೂರಿದೆ. ಆ ಅಂಕಿ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಒಂದು ಕಾಲ್ಪನಿಕ ತಾಲ್ಲೂಕನ್ನು ತೆಗೆದುಕೊಳ್ಳಬಹುದು. ಅಲ್ಲಿ ಒಂದು ಲಕ್ಷ ಹೆಕ್ಟೇರ್ ಭೂಮಿ, ಅದರಲ್ಲಿ ಕಬ್ಬು 5,000 ಹೆಕ್ಟೇರ್ ಎಂದಿಟ್ಟುಕೊಳ್ಳೋಣ. ನಕ್ಷೆ ಕಬ್ಬಿನ ಶೇಕಡ 90ನ್ನು, ಅಂದರೆ 4,500 ಹೆಕ್ಟೇರನ್ನು ಸರಿಯಾಗಿ ಗುರುತಿಸಿತು. ಉಳಿದ 95,000 ಹೆಕ್ಟೇರಿನಲ್ಲಿ ಶೇಕಡ 4ನ್ನು ಮಾತ್ರ, ಅಂದರೆ 3,800 ಹೆಕ್ಟೇರನ್ನು, ತಪ್ಪಾಗಿ ಕಬ್ಬು ಎಂದಿತು. ಒಟ್ಟು ನಿಖರತೆ ಶೇಕಡ 95.7, ಯಾವ ವರದಿಯ ಮುಖಪುಟಕ್ಕೂ ಶೋಭಿಸುವ ಅಂಕಿ. ಆದರೆ ಕಬ್ಬಿನ ಬಣ್ಣದ ಪಿಕ್ಸೆಲ್ಲುಗಳನ್ನು ಎಣಿಸಿ ವಿಸ್ತೀರ್ಣ ಹೇಳಿದರೆ 8,300 ಹೆಕ್ಟೇರ್ ಬರುತ್ತದೆ, ಇರುವುದಕ್ಕಿಂತ ಮೂರನೇ ಎರಡು ಪಾಲು ಹೆಚ್ಚು. ಸಕ್ಕರೆ ಕಾರ್ಖಾನೆಯವರು ಆ ಅಂಕಿಯನ್ನು ನಂಬಿ ಅರೆಯುವ ಹಂಗಾಮನ್ನು ಯೋಜಿಸಿದರೆ ಏನಾದೀತೆಂದು ವಿವರಿಸಬೇಕಿಲ್ಲ. ಆದ್ದರಿಂದ ವಿಸ್ತೀರ್ಣವನ್ನು ನಕ್ಷೆಯ ಬಣ್ಣದಿಂದ ನೇರವಾಗಿ ಎಣಿಸದೆ, ನೆಲಕ್ಕೆ ಹೋಗಿ ನೋಡಿದ ಜಾಗಗಳಲ್ಲಿ ಕಂಡ ತಪ್ಪಿನ ಪ್ರಮಾಣದಿಂದ ತಿದ್ದಿ, ಇಷ್ಟರಿಂದ ಇಷ್ಟರೊಳಗೆ ಎಂದು ಹೇಳುವುದೇ ಪ್ರಾಮಾಣಿಕ ಕ್ರಮ. ವಿಸ್ತೀರ್ಣವನ್ನು ತಪ್ಪಿನ ಅಂದಾಜಿಲ್ಲದೆ ದಶಾಂಶ ಬಿಂದುವಿನವರೆಗೆ ಬರೆಯುವ ವರದಿಗಳನ್ನು ಅನುಮಾನದಿಂದಲೇ ಓದಬೇಕಾಗುತ್ತದೆ.

ಕರ್ನಾಟಕದಲ್ಲಿ ಈ ತಾಳೆಗೆ ಬೇಕಾದ ನೆಲದ ಸಾಕ್ಷ್ಯ ಒಂದು ರೀತಿಯಲ್ಲಿ ಹೇರಳವಾಗಿದೆ. ಹಂಗಾಮು ಹಂಗಾಮಿಗೂ ನಡೆಯುವ ಬೆಳೆ ಸಮೀಕ್ಷೆಯಲ್ಲಿ ರೈತರೋ ಸ್ಥಳೀಯ ಸಮೀಕ್ಷೆಗಾರರೋ ಮೊಬೈಲ್ ಆ್ಯಪಿನ ಮೂಲಕ ಸರ್ವೆ ನಂಬರಿನಲ್ಲಿ ನಿಂತು ಬೆಳೆಯ ಚಿತ್ರ ತೆಗೆದು, ಸ್ಥಳದ ಗುರುತಿನೊಂದಿಗೆ ಕಳುಹಿಸುತ್ತಾರೆ. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬರ ನೆರೆಗಳ ಪರಿಹಾರ ಎಲ್ಲಕ್ಕೂ ಈ ದಾಖಲೆಯೇ ಆಧಾರ. ದೂರಸಂವೇದಿ ವಿಜ್ಞಾನದ ದೃಷ್ಟಿಯಿಂದ ಇಷ್ಟೊಂದು ಮಾದರಿ ಹೊಲಗಳು ಸಿಗುವುದು ದೊಡ್ಡ ಸಂಪತ್ತು. ಆದರೆ ಪರಿಹಾರಕ್ಕಾಗಿ ಬರೆದ ದಾಖಲೆಯೂ ವಿಜ್ಞಾನಕ್ಕಾಗಿ ಬರೆದ ದಾಖಲೆಯೂ ಒಂದೇ ಸ್ವಭಾವದವಲ್ಲ. ವಿಮೆ ಕಟ್ಟಿದ ಬೆಳೆಯ ಹೆಸರನ್ನೇ ಬರೆಸಬೇಕೆಂಬ ಒತ್ತಡ ರೈತರ ಮೇಲಿರುತ್ತದೆ, ದಿನಕ್ಕಿಷ್ಟು ಜಮೀನು ಮುಗಿಸಬೇಕೆಂಬ ಒತ್ತಡ ಸಮೀಕ್ಷೆಗಾರರ ಮೇಲಿರುತ್ತದೆ. ಎರಡೂ ಸೇರಿ ಅಕ್ಕಡಿ ಸಾಲನ್ನು ನುಂಗಿಬಿಡುತ್ತವೆ. ಬೆಳೆ ಸಮೀಕ್ಷೆಯನ್ನು ಉಪಗ್ರಹದಿಂದ ಪರೀಕ್ಷಿಸಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಉಪಗ್ರಹಕ್ಕೆ ಕಲಿಸಿದ್ದೇ ಆ ಸಮೀಕ್ಷೆಯ ಹೆಸರುಗಳಾಗಿದ್ದರೆ ಅಂಥ ಪರೀಕ್ಷೆಯಲ್ಲಿ ವಿದ್ಯಾರ್ಥಿಯೇ ಪ್ರಶ್ನೆಪತ್ರಿಕೆ ಬರೆದಂತಾಗುತ್ತದೆ. ಹೆಚ್ಚು ಸೂಕ್ಷ್ಮ ಕ್ಯಾಮೆರಾಕ್ಕೆ ಸುರಿಯುವ ಹಣದ ಸಣ್ಣ ಪಾಲನ್ನಾದರೂ, ಯಾವ ಪರಿಹಾರಕ್ಕೂ ಗಂಟು ಹಾಕದ, ಚೀಟಿ ಎತ್ತಿ ಆರಿಸಿದ ಕೆಲವೇ ಸಾವಿರ ಹೊಲಗಳ ಸ್ವತಂತ್ರ ಕ್ಷೇತ್ರ ಪರಿಶೀಲನೆಗೆ ಕೊಟ್ಟರೆ ನಕ್ಷೆಗಳ ಗುಣ ಬೇಗ ಏರೀತು ಎಂಬುದು ಈ ಲೇಖನದ ಖಚಿತ ಅಭಿಪ್ರಾಯ.

ಹೆಸರಿಡುವುದರ ಪರಿಣಾಮ ಅಂಕಿಗಳಾಚೆಗೆ ಎಷ್ಟು ದೂರ ಹೋಗಬಲ್ಲದು ಎಂಬುದು ಚಿತ್ರದುರ್ಗ ಜಿಲ್ಲೆಯ ಕಾವಲುಗಳಲ್ಲಿ ಕಾಣುತ್ತದೆ. ಚಳ್ಳಕೆರೆಯ ಸುತ್ತಿನ ಅಮೃತಮಹಲ್ ಕಾವಲುಗಳು ಮೈಸೂರು ಅರಸರ ಕಾಲದಿಂದ ಆ ತಳಿಯ ದನಗಳಿಗೆಂದು ಮೀಸಲಾಗಿದ್ದ ಹುಲ್ಲುಗಾವಲು. ಸುತ್ತಲ ಹಳ್ಳಿಗಳ ಕುರಿಗಳು ಅಲ್ಲಿ ಮೇಯುತ್ತವೆ, ಆ ಕುರಿಗಳ ಉಣ್ಣೆಯಿಂದ ಕಂಬಳಿ ನೇಯುವ ಕಸುಬು ನಡೆದುಬಂದಿದೆ, ಕೃಷ್ಣಮೃಗಗಳೂ ಅಲ್ಲಿವೆ. ಮಳೆಗಾಲದ ಎರಡು ಮೂರು ತಿಂಗಳು ಹುಲ್ಲು ಎದ್ದು ನಿಂತಾಗ ಸೂಚ್ಯಂಕ ಮೇಲೇರಿದರೂ ಫೆಬ್ರುವರಿ–ಮಾರ್ಚಿನ ಸ್ವಚ್ಛ ಆಕಾಶದ ಚಿತ್ರಗಳಲ್ಲಿ ಒಣಗಿದ ಹುಲ್ಲಿಗೂ ಬರಿ ನೆಲಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಮೋಡವಿಲ್ಲದ ಚಿತ್ರ ಸುಲಭವಾಗಿ ಸಿಗುವುದು ಆ ತಿಂಗಳುಗಳಲ್ಲೇ. 2000ದಿಂದ ಹಲವು ಆವೃತ್ತಿಗಳಲ್ಲಿ ಬಂದ ದೇಶದ ಪಾಳುಭೂಮಿ ನಕ್ಷಾಸಂಪುಟದ ವಿಂಗಡಣೆಯಲ್ಲಿ ಕುರುಚಲು ಭೂಮಿಯ ಮನೆಗಳಿವೆ, ಅವು ಪಾಳಿನ ಕೆಳಗೇ ಬರುತ್ತವೆ. ಅರೆಶುಷ್ಕ ಸೀಮೆಯ ಇಂಥ ಹುಲ್ಲುನೆಲಕ್ಕೆ ಸಲೀಸಾಗಿ ಒಗ್ಗುವುದು ಆ ಮನೆಗಳೇ. ಪಾಳೆಂದು ಬಣ್ಣ ಬಳಿದ ಭೂಮಿ ಯೋಜಕರ ಮೇಜಿನ ಮೇಲೆ ಖಾಲಿ ಜಾಗವಾಗಿ ಕಾಣುತ್ತದೆ. ಆ ಕಾವಲುಗಳ ಸಾವಿರಾರು ಎಕರೆ ವೈಜ್ಞಾನಿಕ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾದಾಗ ದನಗಾಹಿಗಳು, ಕುರಿಗಾಹಿಗಳು ಆಕ್ಷೇಪವೆತ್ತಿ ಹಸಿರು ನ್ಯಾಯಮಂಡಳಿಯವರೆಗೆ ಹೋದ ವ್ಯಾಜ್ಯದಲ್ಲಿ ಕೇಳಿದ್ದು, ತಿರುಳಿನಲ್ಲಿ, ಹೊದಿಕೆ ಮತ್ತು ಬಳಕೆಗಳ ನಡುವಿನ ಅದೇ ಹಳೆಯ ಪ್ರಶ್ನೆಯನ್ನು. ಆಗಸ್ಟಿನಿಂದ ನವೆಂಬರಿನವರೆಗಿನ ಚಿತ್ರಗಳ ಸಾಲನ್ನು, ರೇಡಾರನ್ನೂ ಸೇರಿಸಿಕೊಂಡು, ಇಂದು ಯಾರು ಬೇಕಾದರೂ ಹಣ ಕೊಡದೆ ಪಡೆದು ಆ ಹುಲ್ಲು ಏಳುವುದನ್ನೂ ಬಾಗುವುದನ್ನೂ ಗುಂಟೆ ಗುಂಟೆಯಾಗಿ ಅಳೆಯಬಹುದು. ಅದಕ್ಕೆ ‘ಕಾವಲು’ ಎಂಬ ಮನೆಯೊಂದು ಮಾತ್ರ ನಕ್ಷೆಯ ಸೂಚಿಯಲ್ಲಿ ಇನ್ನೂ ತೆರೆಯಬೇಕಾಗಿದೆ.